ಹದಿನೆಂಟು ತುಂಬಿದ ಮೇಲೆ

(ಬಂಗಾರಪೇಟೆಯ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ಸರ್ಕಾರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದವನು. ನಿವೃತ್ತನಾದ ಮೇಲೆ ವಾರಕ್ಕೆ ಮೂರು ದಿನ ಹಗಲು ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರು ಕೆಜಿಎಫ್‌ನಿಂದಲೂ ಬಂಗಾರಪೇಟೆಯಿಂದಲೂ ಅಲ್ಲಿಗೆ ಬರುತ್ತಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹದಿನೆಂಟು ತುಂಬಿತೋ, ಶಾಲೆಯ ಬಾಗಿಲು ಮುಚ್ಚಿತು. ಮಗ ಮನೆಯ ಮೂಲೆ ಸೇರಿದ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದು ಗಣಿ ಲೈನ್ ಮನೆಗಳಲ್ಲಿ ಆಡುತ್ತಿದ್ದ ಕೂಸುಗಳಿಗೆ ಇಂದು ಮೂವತ್ತರ ಹತ್ತಿರ. ಅಣ್ಣತಮ್ಮಂದಿರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಎಪ್ಪತ್ತರ ತಾಯಿ ಮತ್ತು ಆ ಮಗ. ಆಕೆಯ ಪ್ರಶ್ನೆ ಒಂದೇ: ನನ್ನ ಕಾಲಾನಂತರ ಇವನಿಗೆ ಯಾರು?

ನಮ್ಮ ಕೆಲಸವೇನು? ಅವರ ಕೆಲಸವನ್ನು ನಾವು ಮಾಡಿಕೊಡುವುದಲ್ಲ. ಅಂಗಿಗೆ ಆರು ಗುಂಡಿ ಎಂದರೆ, ಮೊದಲು ಐದನ್ನು ನಾವು ಹಾಕಿ ಕೊನೆಯದನ್ನು ಅವರಿಗೆ ಬಿಡುತ್ತೇವೆ. ಅದು ಬಂದ ಮೇಲೆ ಎರಡು, ಆಮೇಲೆ ಮೂರು. ನಾವು ಹಾಕಿದರೆ ಒಂದು ನಿಮಿಷ. ಅವರೇ ಹಾಕಿಕೊಂಡರೆ ಕಾಲು ಗಂಟೆ. ಆ ಕಾಲು ಗಂಟೆ ಕೈಕಟ್ಟಿ ಕಾಯುವುದನ್ನು ಕಲಿಯಲು ನನಗೆ ತಿಂಗಳುಗಳೇ ಬೇಕಾದವು.

ಹೀಗೆ ಕಲಿತವರು ದುಡಿಯಬಲ್ಲರು. 2017ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನ ಆವರಣದಲ್ಲಿ ಮೊದಲ ಮಿಟ್ಟಿ ಕೆಫೆ ಶುರುವಾಯಿತು. ಅದನ್ನು ನಡೆಸುವವರು ವಿಕಲಚೇತನರೇ. ಬೌದ್ಧಿಕ ಅಸಾಮರ್ಥ್ಯ ಇರುವವರೂ ಅವರಲ್ಲಿದ್ದಾರೆ. 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಒಂದು ಮಿಟ್ಟಿ ಕೆಫೆ ಬಂತು.

ಇನ್ನು ನಮ್ಮ ಮನೆಗಳ ಮಾತು. ‘ಹಿಂದಿನ ಜನ್ಮದ ಕರ್ಮ’ ಎಂದು ತಾಯಿಯನ್ನು ಚುಚ್ಚುವವರು ನಮ್ಮಲ್ಲೂ ಇದ್ದಾರೆ. ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟಬಾರದೆಂದ ಶರಣರ ಹೆಸರು ಹೇಳಿಕೊಂಡು ಈ ಮಾತಾಡಬಹುದೆ? ಮದುವೆಗೆ ಹೋಗುವಾಗ ಆ ಮಗನನ್ನು ಒಳಗಿಟ್ಟು ಬೀಗ ಹಾಕಬಹುದೆ?

ಆರೈಕೆ ಮಾಡುವ ಅಕ್ಕಂದಿರ ವಿಷಯವನ್ನೂ ಹೇಳಬೇಕು. ಹೆಚ್ಚಿನ ಸಂಬಳ ಸಿಕ್ಕಿತೆಂದು ನಮ್ಮಲ್ಲಿ ಇಬ್ಬರು ಗಾರ್ಮೆಂಟ್ಸ್ ಸೇರಿದರು. ಅವರನ್ನು ದೂರಲಾರೆ. ಆದರೆ ಅವರ ಕೈತುತ್ತಿಗೆ ಒಗ್ಗಿದ್ದ ಹುಡುಗನೊಬ್ಬ ಎರಡು ವಾರ ಸರಿಯಾಗಿ ಉಣ್ಣಲಿಲ್ಲ. ಸೇವೆಯೆಂದು ಹೊಗಳಿ, ಶಾಲು ಹೊದಿಸಿ, ಬರಿಗೈಲಿ ಕಳಿಸುವುದು ಕಾಯಕಕ್ಕೆ ಮಾಡುವ ಗೌರವವಲ್ಲ.

ಪೋಷಕರು ಈಗಲೇ ಮಾಡಬೇಕಾದದ್ದು ಎರಡು. ಮೊದಲನೆಯದು, ಯುಡಿಐಡಿ ಕಾರ್ಡ್ ಮಾಡಿಸುವುದು. ಎರಡನೆಯದು, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪೋಷಕತ್ವ ಪಡೆಯುವುದು. ಮಗನಿಗೆ 18 ತುಂಬಿದ ಮೇಲೆ ಹೆತ್ತವರಾದರೂ ಕಾನೂನಿನ ಪೋಷಕರಾಗಲು ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಅದನ್ನು ತೀರ್ಮಾನಿಸುತ್ತದೆ. ಈ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಉಂಟು.

ಮಠಗಳಲ್ಲಿ ನನ್ನ ಬಿನ್ನಹ. ಉಚಿತ ಪ್ರಸಾದ ನಿಲಯಗಳನ್ನು ಕಟ್ಟಿ ನೀವು ಬಡಮಕ್ಕಳಿಗೆ ಅಕ್ಷರ ಕೊಟ್ಟಿರಿ. ಈಗ ತಾಲ್ಲೂಕಿಗೊಂದರಂತೆ ಈ ವಯಸ್ಕರಿಗೂ ಒಂದು ಮನೆ ಬೇಕು. ನಾಲ್ಕು ಕೋಣೆ, ನೆಲಮಟ್ಟದ ಬಾಗಿಲು, ಹಿಡಿಕೆಯಿರುವ ಬಚ್ಚಲು ಸಾಕು. ನಕ್ಷೆಯನ್ನು ನಾನೇ ಬರೆದುಕೊಡುತ್ತೇನೆ, ಶುಲ್ಕವಿಲ್ಲ. ದಾಸೋಹದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು, ವಿಭೂತಿ ಗಟ್ಟಿಗಳನ್ನು ಕಟ್ಟಿಡುವುದು, ಹೂದೋಟಕ್ಕೆ ನೀರು ಹಾಯಿಸುವುದು ಅವರಿಂದಾಗುತ್ತದೆ. ಕೂಲಿಯನ್ನು ಅವರ ಕೈಗೇ ಕೊಡಿ. ನೋಡಿಕೊಳ್ಳುವವರಿಗೆ ನ್ಯಾಯವಾದ ಸಂಬಳ ಕೊಡಿ.

ಅವರನ್ನು ಪಂಕ್ತಿಯ ಕೊನೆಯಲ್ಲಿ ಬೇರೆ ಕೂರಿಸಬೇಡಿ. ನಮ್ಮ ನಡುವೆಯೇ ಕೂತು ಉಣ್ಣಲಿ.