ತರಕಾರಿ ತೋಟಕ್ಕೆ ಕೈ ಹಾಕುವ ಮುನ್ನ



ನಿಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟು ಇದೆ ಎಂದಿಟ್ಟುಕೊಳ್ಳಿ. ಅದರ ಮಾಲೀಕರು ಒಂದು ದಿನ ನಿಮ್ಮನ್ನು ಕರೆದು, "ಸದ್ಯಕ್ಕೆ ನಾವು ಮನೆ ಕಟ್ಟುವುದಿಲ್ಲಪ್ಪ, ಜಾಗ ಸುಮ್ಮನೆ ಬಿದ್ದಿದೆ. ಬೇಕಾದರೆ ನಾಲ್ಕು ತರಕಾರಿ ಹಾಕಿಕೊ" ಎನ್ನುತ್ತಾರೆ. ನೀವೋ ಇದುವರೆಗೆ ಗುದ್ದಲಿ ಹಿಡಿದವರಲ್ಲ. ಹೂಂ ಎನ್ನಬೇಕೇ, ಬೇಡವೇ? ಇಂದು ನಿಮ್ಮೊಡನೆ ಈ ಒಂದು ಪ್ರಶ್ನೆಯನ್ನಷ್ಟೇ ಚರ್ಚಿಸುತ್ತೇನೆ.

ಪದವಿ ಓದುತ್ತಿದ್ದಾಗ ನಾನು ಇಂಥ ಮಾತಿಗೆ ಹಿಂದುಮುಂದು ನೋಡದೆ ಹೂಂ ಎಂದಿದ್ದೆ. ಜೂನ್ ತಿಂಗಳು, ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಇಡೀ ಸೈಟನ್ನು ಅಗೆದು ಬೆಂಡೆ, ಬದನೆ, ಹುರುಳಿಕಾಯಿ, ಮೂಲಂಗಿ, ಸೌತೆ ಎಲ್ಲವನ್ನೂ ಹಾಕಿಬಿಟ್ಟೆ. ಆಮೇಲೆ ಪರೀಕ್ಷೆ ಬಂತು. ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಹೋಗಿ ನೋಡಿದರೆ ಬೆಂಡೆಕಾಯಿ ಗೇಣುದ್ದ ಬೆಳೆದು ನಾರಾಗಿತ್ತು. ಮೂಲಂಗಿಯ ಸಾಲು ಎಲ್ಲಿತ್ತೆಂದು ಕಳೆಯ ನಡುವೆ ಹುಡುಕಬೇಕಾಯಿತು. ಜಾಗ ಕೊಟ್ಟವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಎನಿಸಿತ್ತು.

ಆಗ ನಾನು ಮಾಡದೆ ಬಿಟ್ಟ ಲೆಕ್ಕವೊಂದನ್ನು ನೀವು ಈಗಲೇ ಮಾಡಿ ನೋಡಿ. 30 ಅಡಿಗೆ 40 ಅಡಿಯ ಸೈಟು ಎಂದರೆ 1,200 ಚದರ ಅಡಿ, ಅಂದರೆ ಸುಮಾರು 110 ಚದರ ಮೀಟರ್. ಮಳೆಯಿಲ್ಲದ ಬಿಸಿಲಿನ ದಿನ ತರಕಾರಿ ಮಡಿಗೆ ಚದರ ಮೀಟರಿಗೆ ಹೆಚ್ಚುಕಡಿಮೆ 5 ಲೀಟರ್ ನೀರು ಬೇಕು. ಇಡೀ ಸೈಟಿಗೆ 550 ಲೀಟರ್ ಆಯಿತು. 15 ಲೀಟರಿನ ಕೊಡದಲ್ಲಿ ಹೊತ್ತರೆ 36 ಕೊಡ ದಾಟುತ್ತದೆ! ಅದೇ 4 ಅಡಿ ಅಗಲ, 10 ಅಡಿ ಉದ್ದದ ಒಂದು ಮಡಿಗೆ ಒಂದೂಕಾಲು ಕೊಡ ಸಾಕು. ಮುಂಗಾರಿನಲ್ಲಿ ಈ ಲೆಕ್ಕ ಮರೆತುಹೋಗುತ್ತದೆ, ಏಕೆಂದರೆ ನೀರು ಹೊರುವ ಕೆಲಸವನ್ನು ಮೋಡಗಳೇ ಮಾಡುತ್ತಿರುತ್ತವೆ. ಮಾರ್ಚ್ ತಿಂಗಳಲ್ಲಿ ನಲ್ಲಿಯ ಮುಂದೆ ನಿಂತಾಗ ನೆನಪಾಗುತ್ತದೆ. ನಿಮ್ಮ ಪರೀಕ್ಷೆಗಳು ಬರುವುದೂ ಆ ಹೊತ್ತಿಗೇ.

ಬ್ರಿಟನ್ನಿನಲ್ಲಿ ತೋಟವಿಲ್ಲದ ಜನರಿಗೆ ತರಕಾರಿ ಬೆಳೆಯಲು ಸ್ಥಳೀಯ ಆಡಳಿತಗಳು ತುಂಡು ನೆಲವನ್ನು ವರ್ಷದ ಬಾಡಿಗೆಗೆ ಕೊಡುವ ಪದ್ಧತಿಯಿದೆ. ಅದಕ್ಕೆ 'ಅಲಾಟ್‌ಮೆಂಟ್' ಎನ್ನುತ್ತಾರೆ. 1908ರ ಕಾಯ್ದೆಯೊಂದು ಇದನ್ನು ಆಡಳಿತಗಳ ಕರ್ತವ್ಯವಾಗಿಯೇ ಮಾಡಿತು. ಅಲ್ಲಿಯ ಪೂರ್ತಿ ತುಂಡೊಂದು ಸುಮಾರು 250 ಚದರ ಮೀಟರ್, ನಮ್ಮ ಸೈಟಿನ ಎರಡರಷ್ಟಕ್ಕಿಂತ ಹೆಚ್ಚು. ಹೊಸಬರು ಅಷ್ಟನ್ನೂ ಹಿಡಿದು ಸೋತು ಬಿಟ್ಟುಹೋಗುವುದನ್ನು ಕಂಡು ಈಗ ಅನೇಕ ಕಡೆ ಮೊದಲು ಅರ್ಧ ತುಂಡನ್ನಷ್ಟೇ ಕೊಡುತ್ತಾರೆ. ಬೀಳು ಬಿಟ್ಟರೆ ನೋಟೀಸು ಬರುತ್ತದೆ. ನಮಗೆ ನೋಟೀಸು ಕೊಡುವವರಿಲ್ಲ, ದಾಕ್ಷಿಣ್ಯವೇ ನೋಟೀಸು.

ಇನ್ನು ಜಾಗದ ವಿಷಯ. ಹೂಂ ಎನ್ನುವ ಮೊದಲು ಒಂದು ಅಡಿ ಆಳ ಅಗೆದು ನೋಡಿ. ಇಟ್ಟಿಗೆ ಚೂರು, ಸಿಮೆಂಟು ಗಾರೆ ಸಿಕ್ಕರೆ ಆ ಮೂಲೆ ಬಿಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಮೇಲೆ ಏನು ಬೆಳೆದಿದೆ ಎಂಬುದೂ ಮುಖ್ಯ. ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಹುಲ್ಲು ಎನ್ನುವುದು, ನೋಡಲು ಭಯಂಕರ. ಆದರೆ ಹೂ ಬಿಡುವ ಮೊದಲು ಬೇರುಸಹಿತ ಕಿತ್ತರೆ ಹತೋಟಿಗೆ ಬರುತ್ತದೆ. ಮೈ ತುರಿಸೀತು, ಕೈಚೀಲ ಹಾಕಿಕೊಂಡೇ ಕೀಳಿ. ನಿಜವಾಗಿ ಹೆದರಬೇಕಾದದ್ದು ತಗ್ಗಿ ಹರಡಿಕೊಂಡಿರುವ ಗರಿಕೆಗೆ ಮತ್ತು ಜೇಕಿಗೆ. ಗರಿಕೆಯ ಬೇರಿನ ತುಂಡು, ಜೇಕಿನ ಗಡ್ಡೆ, ನೆಲದಲ್ಲಿ ಉಳಿದದ್ದೆಲ್ಲ ಮತ್ತೆ ಚಿಗುರುತ್ತದೆ. ಇವು ತುಂಬಿರುವ ಜಾಗದಲ್ಲಿ ಮೊದಲ ಒಂದೆರಡು ತಿಂಗಳು ಬರೀ ಕಳೆ ತೆಗೆಯುವುದೇ ಆದೀತು.

ಬೆಳೆಯನ್ನೂ ನಿಮ್ಮ ವೇಳಾಪಟ್ಟಿ ನೋಡಿಯೇ ಆರಿಸಬೇಕು. ಬೆಂಡೆ ಕಾಯಿ ಬಿಡಲು ತೊಡಗಿತೆಂದರೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಪರೀಕ್ಷೆ ಇದೆ ಎಂದರೆ ಅದು ಕಾಯುವುದಿಲ್ಲ. ಮೆಂತ್ಯ, ಹರಿವೆ ಸೊಪ್ಪುಗಳು ಬಿತ್ತಿದ ಮೂರು ನಾಲ್ಕು ವಾರಕ್ಕೆ ಕೈಗೆ ಬರುತ್ತವೆ. ಎರಡು ಪರೀಕ್ಷೆಗಳ ನಡುವೆ ಒಂದು ಬೆಳೆ ಮುಗಿಸಿಬಿಡಬಹುದು. ಮಾಲೀಕರು ಯಾವಾಗ ಪಾಯ ತೆಗೆಯುತ್ತಾರೋ ತಿಳಿಯದಾದ್ದರಿಂದ ನುಗ್ಗೆ, ಬಾಳೆಯ ಆಸೆ ಬೇಡ. ಊರಿಗೆ ಹೋದಾಗ ನೀರು ಹಾಕುವವರು ಯಾರು ಎಂಬುದಕ್ಕೆ ಒಂದು ಹೆಸರು ಬಾಯಿಗೆ ಬರದಿದ್ದರೆ, ಈ ವರ್ಷ ಬೇಡವೆಂದೇ ಹೇಳಿ. ಅದರಲ್ಲಿ ಅವಮಾನವೇನಿಲ್ಲ. ಕಿಟಕಿಯ ಪಕ್ಕದ ಕುಂಡದಲ್ಲಿ ಕೊತ್ತಂಬರಿ ಬೆಳೆದು ಕೈ ಪಳಗಿಸಿಕೊಳ್ಳಬಹುದು.

ಮರುವರ್ಷ ನಾನು ಅದೇ ಮಾಲೀಕರ ಮುಂದೆ ನಿಂತು, ನಲ್ಲಿಯ ಹತ್ತಿರದ ಮೂಲೆಯಲ್ಲಿ ಎರಡೇ ಮಡಿ ಸಾಕು ಎಂದು ಕೇಳಿದೆ. ಅವರು ನಕ್ಕು ಒಪ್ಪಿದರು. ಆ ಸಲದ ಮೊದಲ ಹರಿವೆ ಕಟ್ಟು ಅವರ ಮನೆಗೇ ಹೋಯಿತು.