ನಾಗವೇಣಿಯಿಂದ ನಾವು ಕಲಿಯಬೇಕಾದುದು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಯರನ್ನು ಸ್ಮರಿಸುವುದು ವಾಡಿಕೆ. ಇಂದು ನಾವು ಸ್ಮರಿಸಬೇಕೆಂದಿರುವುದು ಒಂದು ಕಾದಂಬರಿಯಲ್ಲಿ ಬರುವ ಹೆಂಗಸನ್ನು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ (1902–1997) ‘ಮರಳಿ ಮಣ್ಣಿಗೆ’ಯ ನಾಗವೇಣಿ ಅವಳು. ಕಲ್ಪನೆಯ ಹೆಣ್ಣಿನಿಂದ ನಿಜವಾದ ಬಾಳಿಗೆ ಏನು ಪ್ರಯೋಜನ ಎಂದು ಕೇಳುವವರುಂಟು. ನಮ್ಮ ಉತ್ತರ ಇಷ್ಟೆ: ಅವಳಿಂದಾಗಿ ನಾವು ನಮ್ಮ ನಮ್ಮ ಮನೆಗಳನ್ನು ಬೇರೆ ಕಣ್ಣಿನಿಂದ ನೋಡಲು ಕಲಿತೆವು.

ಕೆಲವು ಭಾನುವಾರ ಸಂಜೆ ನಮ್ಮ ಸಂಘದ ಕೊಠಡಿಯಲ್ಲಿ ಈ ಕಾದಂಬರಿಯನ್ನು ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಕಡಲ ಕರೆಯ ಕೋಡಿಯೆಂಬ ಊರಿನ ಒಂದು ಸಂಸಾರದ ಮೂರು ತಲೆಮಾರಿನ ಕಥೆ ಅದು. ರಾಮ ಐತಾಳರದು ಪೌರೋಹಿತ್ಯ. ಮನೆಯನ್ನು ಮೈಮುರಿದು ದುಡಿದು ನಡೆಸುವವರು ಅವರ ವಿಧವೆ ತಂಗಿ ಸರಸೋತಿ ಮತ್ತು ಹೆಂಡತಿ ಪಾರೋತಿ. ನೆರೆಮನೆಯ ಶೀನಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ನಡೆಸಿ ಹಣ ತರುತ್ತಾರೆ. ಈ ಭಾಗ ಬಂದಾಗ ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆಂದೇ ಈ ಮುಂಬಯಿಗೆ ಬಂದ ಮನೆತನದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಐತಾಳರ ಮಗ ಲಚ್ಚ ಇಂಗ್ಲಿಷ್ ಓದಲು ಹೋಗಿ ದಾರಿ ತಪ್ಪಿದ. ಮನೆತನದ ಆಸ್ತಿಯನ್ನೂ ಹೆಂಡತಿಯ ಬಾಳನ್ನೂ ಹಾಳುಮಾಡಿದ. ಆ ಹೆಂಡತಿಯೇ ನಾಗವೇಣಿ. ಅವಳು ಬಡತನದಲ್ಲಿ ಮಗ ರಾಮನನ್ನು ಸಾಕಿ ಓದಿಸಿದಳು. ಅವಳಿಗಿದ್ದ ಸಂಗೀತದ ಒಲವು ಅವನಿಗೂ ಬಂತು. ರಾಮ ಮದರಾಸಿನಲ್ಲಿ ಓದಿದ, ಸ್ವಾತಂತ್ರ್ಯದ ಚಳವಳಿಗೆ ಸೇರಿ ಸೆರೆಮನೆ ಕಂಡ, ಉದ್ಯೋಗ ಹುಡುಕುತ್ತ ನಾವಿರುವ ಈ ಮುಂಬಯಿಗೂ ಬಂದ. ಕಡೆಗೆ ಊರಿಗೂ ಮಣ್ಣಿಗೂ ಮರಳಿದ.

ಓದು ಮುಗಿದ ಸಂಜೆ ನಾವು ಗಂಡಸರೆಲ್ಲ ರಾಮನನ್ನೇ ಕೊಂಡಾಡಿದೆವು. ಅವನಂತೆ ಹಿಂತಿರುಗುವ ಧೈರ್ಯ ನಮಗಿಲ್ಲವಲ್ಲ ಎಂದು ನಿಟ್ಟುಸಿರಿಟ್ಟೆವು. ಆಗ ಮೂಲೆಯಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು, “ಅವನು ಮರಳಿದ್ದು ದೊಡ್ಡದೇ ಸರಿಯಪ್ಪ. ಆದರೆ ಅಲ್ಲಿ ಅವನ ತಾಯಿ ನಿಂತಿರದಿದ್ದರೆ ಅವನು ಮರಳುತ್ತಿದ್ದುದು ಯಾರ ಬಳಿಗೆ?” ಎಂದರು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ.

ಬಂಧುಗಳೆ, ಅಂದಿನಿಂದ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಊರು ಬಿಟ್ಟು ಬಂದ ನಮ್ಮ ಕಷ್ಟವನ್ನು ನಾವು ಎಷ್ಟು ಬಾರಿ ಹೇಳಿಕೊಂಡಿಲ್ಲ! ಚಾಳಿನ ಒಂದೇ ಕೋಣೆ, ಲೋಕಲ್ ರೈಲಿನ ನೂಕುನುಗ್ಗಲು, ರಾತ್ರಿಶಾಲೆಯ ಓದು. ಅವೆಲ್ಲ ನಿಜವೇ. ಆದರೆ ನಾವು ಹೊರಟ ದಿನ ಹೊಸ್ತಿಲಲ್ಲಿ ನಿಂತವರು ಆಮೇಲೆ ಹೇಗೆ ಬಾಳಿದರೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ತಿಂಗಳಿಗೊಂದು ಮನಿಯಾರ್ಡರು ಕಳಿಸಿ ಕರ್ತವ್ಯ ಮುಗಿಯಿತೆಂದುಕೊಂಡೆವು. ಇಂದು ದಿನವೂ ಫೋನಿನಲ್ಲಿ ಮಾತಾಡುವ ಅನುಕೂಲವಿದೆ; ಆದರೂ “ಊಟವಾಯಿತೆ?” ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ನಾಗವೇಣಿಯನ್ನು ಹೊಗಳುವ ನೆಪದಲ್ಲಿ, ಹೆಣ್ಣು ಎಲ್ಲವನ್ನೂ ಸಹಿಸಿಕೊಂಡಿರಬೇಕೆಂದು ನಮ್ಮ ಹೆಣ್ಣುಮಕ್ಕಳಿಗೆ ಬೋಧಿಸಕೂಡದು. ಅವಳಿಗಾದುದು ಅನ್ಯಾಯ, ಅದನ್ನು ಅನ್ಯಾಯವೆಂದೇ ಹೇಳಬೇಕು. ಅವಳ ಹಿರಿಮೆ ನೋವುಂಡುದರಲ್ಲಿಲ್ಲ. ತಾನುಂಡ ನೋವು ಮಗನಿಗೆ ಆಸ್ತಿಯಾಗಿ ಹೋಗದಂತೆ ನೋಡಿಕೊಂಡುದರಲ್ಲಿದೆ. ತಂದೆ ಕಳೆದ ಮನೆತನದಲ್ಲಿ ಮಗ ಮನುಷ್ಯನಾಗಿ ಬೆಳೆದನೆಂದರೆ ಅದು ಅವಳ ಸಾಧನೆ. ನಮಗೂ ಕಹಿಗಳುಂಟು: ಊರಿನಲ್ಲಿ ಪಾಲು ಸಿಗದ ಕಹಿ, ಇಲ್ಲಿ ಹೊರಗಿನವರೆನಿಸಿಕೊಂಡ ಕಹಿ. ಅವನ್ನೇ ಮಕ್ಕಳ ಊಟದ ಎಲೆಗೆ ಬಡಿಸುತ್ತಿದ್ದೇವೆಯೆ ಎಂದು ನಾವು ನಮ್ಮನ್ನು ಕೇಳಿಕೊಳ್ಳಬೇಕು.

ನಾವೆಲ್ಲರೂ ಊರಿಗೆ ಮರಳಲಾರೆವು. ಮರಳಬೇಕೆಂದು ಹೇಳುವುದೂ ನಮ್ಮ ಉದ್ದೇಶವಲ್ಲ. ನಮ್ಮ ಮಕ್ಕಳಿಗೆ ಈ ಮುಂಬಯಿಯೇ ಹುಟ್ಟೂರು. ಒಂದು ಸಣ್ಣ ಕೆಲಸವನ್ನಾದರೂ ಮಾಡೋಣ. ಇಂದೇ ಮನೆಗೆ ಹೋಗಿ, ಮನೆಯ ಹಿರಿಯ ಹೆಂಗಸಿನ ಪಕ್ಕದಲ್ಲಿ ಕುಳಿತು, “ಅಮ್ಮ, ನಾವು ಹೊರಟ ಮೇಲೆ ನೀವು ಹೇಗಿದ್ದಿರಿ?” ಎಂದು ಕೇಳೋಣ. ಊರಿನಲ್ಲಿದ್ದರೆ ಫೋನಿನಲ್ಲಿ ಕೇಳೋಣ. ಅವರು ಹೇಳಿದುದನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಒಂದು ಪುಟ ಬರೆಸೋಣ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಮುಂದಿನ ರಾಜ್ಯೋತ್ಸವದ ಸಂಚಿಕೆಗೆ ಅಂಥ ಪುಟಗಳು ಮನೆಮನೆಯಿಂದ ಬರಲಿ. ಕೇಳಲು ತಾಯಿಯೇ ಉಳಿದಿಲ್ಲದವರು ನಮ್ಮಲ್ಲಿ ಹಲವರಿದ್ದಾರೆ. ಅವರು ತಮಗೆ ನೆನಪಿರುವಷ್ಟನ್ನೇ ಬರೆಯಲಿ. ಕೇಳಲು ಇನ್ನೂ ಅವಕಾಶವಿರುವವರು ಮಾತ್ರ ನಾಳೆ ಎನ್ನದಿರಲಿ.