ಕುರಿಸೀಮೆಯ ನೀರುಗುಳ್ಳೆ ರೋಗ ಮತ್ತು ಅಲ್ಟ್ರಾಸೌಂಡ್



ಜಯಮಂಗಲಿಯೂ ಉತ್ತರ ಪಿನಾಕಿನಿಯೂ ವರ್ಷದ ಬಹುಪಾಲು ಬರೀ ಮರಳಾಗಿ ಕಾಣುವ ಸೀಮೆ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳದು. ಕಡ್ಲೆಕಾಯಿ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ಕುರಿಯೇ ಉಳಿಸಿದೆ. ಕುರುಬರ ಮನೆಯಲ್ಲಾಗಲಿ ಗೊಲ್ಲರಹಟ್ಟಿಯಲ್ಲಾಗಲಿ ರೊಪ್ಪದ ಬಳಿ ನಾಯಿ ಇದ್ದೇ ಇರುತ್ತದೆ. ಕುರಿ, ನಾಯಿ, ಮನುಷ್ಯರು ಒಂದೇ ಅಂಗಳದಲ್ಲಿ ಬದುಕುವ ಕಡೆ ಹುಟ್ಟುವ ಕಾಯಿಲೆಯೊಂದನ್ನು ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ. ವೈದ್ಯರು ಇದನ್ನು ಹೈಡಾಟಿಡ್ ಎನ್ನುತ್ತಾರೆ. ನಾನು ನೀರುಗುಳ್ಳೆ ರೋಗ ಎನ್ನುತ್ತೇನೆ.

ಇದಕ್ಕೆ ಕಾರಣ ನಾಯಿಯ ಕರುಳಿನಲ್ಲಿರುವ ಎಕೈನೊಕಾಕಸ್ ಎಂಬ ಲಾಡಿಹುಳು. ಉದ್ದ ಕೆಲವೇ ಮಿಲಿಮೀಟರ್. ಅದರ ಮೊಟ್ಟೆಗಳು ನಾಯಿಯ ಹೇಲಿನ ಜೊತೆ ಹೊರಬಿದ್ದು ಹುಲ್ಲಿಗೆ, ನೀರಿಗೆ, ನಾಯಿಯ ಮೈಕೂದಲಿಗೆ ಅಂಟುತ್ತವೆ. ಕುರಿಯ ಬಾಯಿಗೆ ಹೋದ ಹಾಗೆಯೇ ಮಗುವಿನ ಬಾಯಿಗೂ ಹೋಗುತ್ತವೆ. ಮೊಟ್ಟೆಯಿಂದ ಹೊರಬಂದ ಮರಿ ಕರುಳು ತೂರಿ ರಕ್ತದೊಡನೆ ಮೊದಲು ತಲುಪುವುದು ಯಕೃತ್ತನ್ನು. ಹೀಗಾಗಿ ಹೆಚ್ಚಿನ ರೋಗಿಗಳಲ್ಲಿ ಆ ಮರಿ ಬೆಳೆದು ಆದ ನೀರಿನ ಗುಳ್ಳೆ ಕಾಣುವುದು ಅಲ್ಲೇ, ಆಮೇಲೆ ಶ್ವಾಸಕೋಶದಲ್ಲಿ. ಬಾಲ್ಯದಲ್ಲಿ ಹೊಕ್ಕದ್ದು ನಲವತ್ತರ ವಯಸ್ಸಿನಲ್ಲಿ ಬಲಪಕ್ಕೆಯ ಭಾರವಾಗಿ ತೋರಬಹುದು, ಎಂದೂ ತೋರದೆಯೂ ಇರಬಹುದು.

ಈ ಗುಳ್ಳೆಯನ್ನು ಮೈ ಕೊಯ್ಯದೆ ನೋಡಲು ಅಲ್ಟ್ರಾಸೌಂಡಿನಷ್ಟು ಅಗ್ಗದ, ಅಪಾಯವಿಲ್ಲದ ಸಾಧನ ಬೇರೆ ಇಲ್ಲ. ಗುಳ್ಳೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಬದುಕಿನ ಯಾವ ಘಟ್ಟದಲ್ಲಿದೆ ಎಂಬುದನ್ನೂ ತೆರೆ ತೋರಿಸುತ್ತದೆ. ಟುನೀಶಿಯದ ಗರ್ಬಿ ಮತ್ತು ಸಂಗಡಿಗರು 1981ರಲ್ಲಿ ಗುಳ್ಳೆಗಳನ್ನು ಹೀಗೆ ವಿಂಗಡಿಸಿದರು. ಅದರ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ ಇಂದು ಬಳಕೆಯಲ್ಲಿರುವ ಸಿಇ1ರಿಂದ ಸಿಇ5ರ ಕ್ರಮವನ್ನು ಕಟ್ಟಿತು.

ಸಿಇ1ರಲ್ಲಿ ತಿಳಿನೀರು, ಸುತ್ತ ಎರಡು ಗೆರೆಯ ಗೋಡೆ. ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿದರೆ ಒಳಗಿನ ಸಣ್ಣ ಮರಳು ಕದಡಿ ಏಳುವುದು ಕಾಣುತ್ತದೆ. ಸಿಇ2ರಲ್ಲಿ ತಾಯಿಗುಳ್ಳೆಯ ಒಳಗೆ ಮರಿಗುಳ್ಳೆಗಳು ಒತ್ತೊತ್ತಾಗಿ ತುಂಬಿರುತ್ತವೆ. ಈ ಎರಡೂ ಜೀವಂತ ಘಟ್ಟಗಳು. ಮೂರನೆಯದು ನಡುವಿನದು: ಒಳಪೊರೆ ಕಳಚಿ ನೀರಿನಲ್ಲಿ ತೇಲುತ್ತಿದ್ದರೆ 3ಎ, ಗಟ್ಟಿಯಾದ ತಿರುಳಿನ ನಡುವೆ ಮರಿಗುಳ್ಳೆಗಳು ಉಳಿದಿದ್ದರೆ 3ಬಿ. ಸಿಇ4ರಲ್ಲಿ ನೀರು ಬತ್ತಿ ಪೊರೆಗಳು ಸುರುಳಿ ಸುತ್ತಿ, ಕಂಬಳಿಗೆ ನೂತಿಟ್ಟ ಉಣ್ಣೆಯ ಉಂಡೆಯ ಹಾಗೆ ಕಾಣುತ್ತವೆ. ಸಿಇ5ರಲ್ಲಿ ಗೋಡೆಗೆ ಸುಣ್ಣ ಕಟ್ಟಿರುತ್ತದೆ.

ಚಿಕಿತ್ಸೆ ನಿಂತಿರುವುದು ಈ ಘಟ್ಟದ ಮೇಲೆ. ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಸಿಇ1, 3ಎ ಗುಳ್ಳೆಗಳಿಗೆ ಅಲ್ಬೆಂಡಜೋಲ್ ಮಾತ್ರೆಯೇ ಸಾಕಾಗಬಹುದು. ಅದನ್ನು ಬರೀ ಹೊಟ್ಟೆಯಲ್ಲಿ ನುಂಗಬಾರದು, ಕೊಬ್ಬಿನಂಶವಿರುವ ಊಟದ ಜೊತೆ ನುಂಗಿದರೆ ಮಾತ್ರ ಮೈಗೆ ಸರಿಯಾಗಿ ಹತ್ತುತ್ತದೆ. ಗುಳ್ಳೆ ಇನ್ನೂ ದೊಡ್ಡದಾದರೆ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಚುಚ್ಚಿ, ನೀರು ಹೀರಿ, ಹುಳುವನ್ನು ಕೊಲ್ಲುವ ದ್ರಾವಣ ತುಂಬಿ, ಮತ್ತೆ ಹೀರಿ ತೆಗೆಯುವ ಪೇರ್ ಎಂಬ ವಿಧಾನವಿದೆ. ಗುಳ್ಳೆ ಸೋರಿದರೆ ಪ್ರಾಣಕ್ಕೇ ಕುತ್ತಾಗುವ ಅಲರ್ಜಿ ಆಗಬಹುದು. ಆದ್ದರಿಂದ ಇದು ಆ ಸಿದ್ಧತೆ ಇರುವ ಆಸ್ಪತ್ರೆಯ ಕೆಲಸ. ಮರಿಗುಳ್ಳೆ ತುಂಬಿದ 2, 3ಬಿ ಬಹುಮಟ್ಟಿಗೆ ಶಸ್ತ್ರಚಿಕಿತ್ಸಕರ ಪಾಲು. ತೊಂದರೆ ಕೊಡದ ಸಿಇ4, ಸಿಇ5ಕ್ಕೆ ಏನನ್ನೂ ಮಾಡಬೇಕಿಲ್ಲ, ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಆಯಿತು.

ನನ್ನ ಒಂದೇ ಬೇಡಿಕೆ ಇದು. ಈ ನಾಲ್ಕು ತಾಲ್ಲೂಕಿನ ಯಾವ ಸ್ಕ್ಯಾನ್ ವರದಿಯೂ "ಯಕೃತ್ತಿನಲ್ಲಿ ಸಿಸ್ಟ್ ಇದೆ" ಎಂದು ಬರೆದು ಕೈತೊಳೆದುಕೊಳ್ಳಬಾರದು. ಘಟ್ಟ ಯಾವುದೆಂದು ಬರೆಯಬೇಕು. ಆ ಒಂದು ಅಕ್ಷರ, ಒಂದು ಅಂಕಿ ಇಲ್ಲದ ವರದಿ ಹಿಡಿದು ತುಮಕೂರಿಗೂ ಬೆಂಗಳೂರಿಗೂ ಅಲೆಯುವ ಕುರಿಗಾಹಿ, ಸತ್ತ ಗುಳ್ಳೆಗಾಗಿ ಹೊಟ್ಟೆ ಕೊಯ್ಸಿಕೊಂಡು, ಆ ಖರ್ಚಿಗೆ ಮಂದೆ ಮಾರಿಕೊಳ್ಳುವ ಸ್ಥಿತಿ ಬರಬಾರದು.

ಯಕೃತ್ತಿನ ಕಪ್ಪು ಮಚ್ಚೆಯೆಲ್ಲ ನೀರುಗುಳ್ಳೆಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಜ್ವರ, ಬಲಪಕ್ಕೆಯ ನೋವಿನ ಜೊತೆ ಒಂದೇ ದೊಡ್ಡ ಮಚ್ಚೆ ಕಂಡರೆ ಅಮೀಬಾದ ಕೀವುಗಟ್ಟು ಇರಬಹುದು. ಅದು ಮೆಟ್ರೊನಿಡಜೋಲಿಗೆ ಬಗ್ಗುತ್ತದೆ. ರೋಗಿ ಚೇತರಿಸಿಕೊಂಡ ಮೇಲೂ ತೆರೆಯ ಮೇಲಿನ ಗುರುತು ತಿಂಗಳುಗಟ್ಟಲೆ ಉಳಿಯುವುದರಿಂದ ಅದನ್ನು ಕಂಡು ಹೆದರಬೇಕಿಲ್ಲ. ಕೆರೆಯಂಚಿನ ಬಸವನಹುಳುವಿನಿಂದ ಕುರಿಗೆ ಹತ್ತಿ, ಗದ್ದದ ಕೆಳಗೆ ನೀರು ತುಂಬಿಸುವ ಯಕೃತ್ತಿನ ಚಪ್ಪಟೆಹುಳು ಮನುಷ್ಯರಲ್ಲಿ ನಮ್ಮ ಕಡೆ ಅಪರೂಪ.

ರೋಗಿ ಬರಲಿ ಎಂದು ಕಾಯುವುದಕ್ಕಿಂತ ಅಲ್ಟ್ರಾಸೌಂಡ್ ಯಂತ್ರವೇ ಹಟ್ಟಿಗೆ ಹೋಗುವುದು ಮೇಲು. ಅರ್ಜೆಂಟೀನಾದ ರಿಯೊ ನೆಗ್ರೊದಲ್ಲಿ 1980ರ ದಶಕದಿಂದಲೇ ಶಾಲಾಮಕ್ಕಳನ್ನು ಹೀಗೆ ನೋಡುತ್ತಾ ಬಂದಿದ್ದಾರೆ. ಬಲ್ಗೇರಿಯ, ರೊಮೇನಿಯ, ಟರ್ಕಿಯ ಹಳ್ಳಿಗಳಲ್ಲಿ 2014-15ರಲ್ಲಿ 24,000ಕ್ಕೂ ಹೆಚ್ಚು ಜನರ ಹೊಟ್ಟೆಯನ್ನು ಸ್ಕ್ಯಾನ್ ಮಾಡಿದರು. ನಮ್ಮಲ್ಲಿ ಇದೇ ಯಂತ್ರದಿಂದ ಲಿಂಗಪತ್ತೆ ಮಾಡುವುದನ್ನು ತಡೆದು ಹೆಣ್ಣುಭ್ರೂಣಗಳನ್ನು ಕಾಪಾಡಲು 1994ರ ಕಾಯ್ದೆ ಬಂತು. 2012ರಲ್ಲಿ ಸೇರಿದ ನಿಯಮವು ಒಯ್ಯಬಲ್ಲ ಯಂತ್ರಕ್ಕೆ ಬಿಗಿ ಕಟ್ಟು ಹಾಕಿತು. ಆ ಕಟ್ಟು ಬೇಕು, ಅದನ್ನು ಸಡಿಲಿಸಿ ಎಂದು ನಾನು ಕೇಳುವವನಲ್ಲ. ಆದರೆ ಬಗೆಬಗೆಯ ಆರೋಗ್ಯಸೇವೆ ಕೊಡುವ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕಕ್ಕೆ ಅದೇ ನಿಯಮದಲ್ಲಿ ಅವಕಾಶವಿದೆ. ಆ ದಾರಿಯಲ್ಲೇ ಯಂತ್ರವನ್ನು ಹಟ್ಟಿಗೆ ಒಯ್ಯಬಹುದು.

ಹಟ್ಟಿಯೊಂದರಲ್ಲಿ ಮಗುವಿಗೆ ಜೀವಂತ ಗುಳ್ಳೆ ಕಂಡರೆ ಸೋಂಕು ಆ ಆಸುಪಾಸಿನಲ್ಲಿ ಈಗಲೂ ಹರಿದಾಡುತ್ತಿದೆ ಎಂದೇ ತಿಳಿಯಬೇಕು. ಆ ವರದಿ ಪಶುವೈದ್ಯರ ಮೇಜಿಗೂ ಹೋಗಬೇಕು. ಅಲ್ಲಿನ ನಾಯಿಗಳಿಗೆ ವರ್ಷಕ್ಕೆ ನಾಲ್ಕು ಬಾರಿಯಾದರೂ ಪ್ರಾಜಿಕ್ವಾಂಟೆಲ್ ಬೀಳಬೇಕು. ಫಲವತ್ತಾದ, ಅಂದರೆ ನಾಯಿಯ ಹೊಟ್ಟೆ ಸೇರಿದರೆ ಮತ್ತೆ ಲಾಡಿಹುಳುವಾಗಬಲ್ಲ ಮರಿಗಳಿರುವ ಗುಳ್ಳೆ ಹೆಚ್ಚಾಗಿರುವುದು ವಯಸ್ಸಾದ ಕುರಿಗಳಲ್ಲಿ. ಆದ್ದರಿಂದ ಮುದಿಕುರಿ ಕಡಿದ ದಿನ ಗುಳ್ಳೆಯಿರುವ ಈಲಿಯನ್ನು ನಾಯಿಗೆ ಎಸೆಯದೆ ಸುಡಬೇಕು, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಬೇಕು.